ವಾಯುಮೂಲೆಯ ಗಾಳಿ

ಪೈಪ್ ರೆಂಚ್ ನನ್ನ ಕುತ್ತಿಗೆಯ ಮೇಲಿತ್ತು.

ಹಿಡಿದಿದ್ದವನು ತಿಲಕ್. ಆ ಮನೆಗೆ ಸೆಂಟ್ರಲ್ ಎ.ಸಿ. ಕೂರಿಸಿದ ಕಂಟ್ರಾಕ್ಟರ್. ಇಸ್ತ್ರಿ ಅಂಗಿ, ಬಾಯಲ್ಲಿ ಏಲಕ್ಕಿ ವಾಸನೆ, ಮುಖದಲ್ಲಿ ಒಂದು ಹನಿ ಬೆವರಿಲ್ಲ. ನನ್ನ ಮೊಣಕಾಲಿನ ಹಿಂದೆ ಟೆರೇಸಿನ ಗಿಡ್ಡ ಗೋಡೆ. ಅದರಾಚೆ ಹಿಡಿದುಕೊಳ್ಳಲು ಏನೂ ಇರಲಿಲ್ಲ.

"ಮೆಟ್ಟಿಲಲ್ಲಿ ಇಳೀತೀರಾ ಮೇಡಂ… ಇಲ್ಲ ಹೀಗೇ ಇಳೀತೀರಾ?"

ಕೆಳಗೆ ಜನರೇಟರ್ ಗುಡುಗುಡು ಎನ್ನುತ್ತಿತ್ತು. ನಾನು ನಿಂತಿದ್ದ ಜಾಗದ ಕೆಳಗಿನ ರೂಮಿನಲ್ಲಿ ಮೇಘಶ್ರೀ ಎಂಬ ಹೆಣ್ಣುಮಗಳು ಸಾಯುತ್ತಿದ್ದಳು. ಆ ಜನರೇಟರ್ ಓಡುವಷ್ಟು ಹೊತ್ತೂ ಸಾಯುತ್ತಲೇ ಇರುತ್ತಾಳೆ. ಅದು ನನಗೆ ಗೊತ್ತಿತ್ತು.

ತಿಲಕ್‌ಗೂ ಗೊತ್ತಿತ್ತು!

ಕುತ್ತಿಗೆ ಉಳಿಯಿತೇ ಎಂದು ಕೇಳಬೇಡಿ ಸಾರ್. ಉಳಿದದ್ದಕ್ಕೇ ನಿಮ್ಮೆದುರು ಕುಳಿತು ಟೀ ಕುಡಿಯುತ್ತಿದ್ದೇನೆ. ನಿಮ್ಮ ಹೊಸ ಮನೆಗೆ ಸೆಂಟ್ರಲ್ ಎ.ಸಿ. ಹಾಕಿಸಬೇಕು, ನಂಬಿಕೆಯ ಕಂಟ್ರಾಕ್ಟರ್ ಯಾರೆಂದು ವಿಚಾರಿಸಿಕೊಡಿ ಎಂದು ಬಂದಿದ್ದೀರಿ. ವಿಚಾರಿಸುವುದೇ ನನ್ನ ಕಸುಬು. ಆದರೆ ಮೊದಲು ಇದನ್ನು ಕೇಳಿ.

ನನ್ನ ಹೆಸರು ಹೊರಗೆ ಬೋರ್ಡಿನಲ್ಲಿ ನೋಡಿದ್ದೀರಿ. ಶಶಿಕಲಾ. ಒಂದು ಕಾಲದಲ್ಲಿ ಹೊಸೂರಿನ ಒಂದು ಕಾರ್ಖಾನೆಯ ಗೇಟಿನಲ್ಲಿ ಸೆಕ್ಯುರಿಟಿಯಾಗಿದ್ದೆ. ಹುಡುಗಿಯರ ಬ್ಯಾಗ್ ತಪಾಸಣೆ ಮಾಡುವ ನೆಪದಲ್ಲಿ ಕೈ ಹಾಕಿದ ಸೂಪರ್‌ವೈಸರ್‌ಗೆ ಕಪಾಳಕ್ಕೆ ಬಿಟ್ಟೆ. ಅವನ ಕೆಲಸ ಉಳಿಯಿತು, ನನ್ನದು ಹೋಯಿತು. ಆಮೇಲೆ ಬಸ್‌ಸ್ಟ್ಯಾಂಡಿನ ಹತ್ತಿರ ಈ ರೂಮು ಹಿಡಿದೆ. ಪೊಲೀಸರ ಹತ್ತಿರ ಹೋಗಲಾರದವರು, ಹೋಗಿ ಬಂದವರು, ಇಬ್ಬರೂ ನನ್ನ ಮೆಟ್ಟಿಲು ಹತ್ತುತ್ತಾರೆ.

ಅವತ್ತು ಬೆಳಿಗ್ಗೆ ಹತ್ತಿದವಳು ಚಿಕ್ಕತಾಯಮ್ಮ. ಕಾರ್ಖಾನೆ ಕ್ಯಾಂಟೀನಿನಲ್ಲಿ ಅಡುಗೆ ಮಾಡುವವಳು. ತಲೆಗೆ ಟವೆಲ್ ಸುತ್ತಿದ್ದಳು, ಒಂದೇ ಕಾಲಿನಲ್ಲಿ ಚಪ್ಪಲಿಯಿತ್ತು. ಇನ್ನೊಂದು ಎಲ್ಲಿ ಬಿತ್ತೆಂದು ಅವಳಿಗೇ ಗೊತ್ತಿರಲಿಲ್ಲ.

"ನನ್ ಮಗ್ಳು ಹೋಗ್ಬುಟ್ಲಂತೆ ಶಶಿಕಲಮ್ಮ."

"ಯಾರು ಹೇಳಿದ್ದು?"

"ಆ ಮನೆ ವಾಚ್‌ಮನ್ನು. ಫೋನ್ ಮಾಡಿದ್ದೆ. ಮಗ್ಳು ಹೆಂಗವ್ಳೆ ಅಂದೆ. ‘ಉಂಗ ಪೊಣ್ಣು ಗಾಲಿ’ ಅಂದ್ಬುಟ್ಟ."

ನಮ್ಮೂರಿನ ಬೀದಿ ತಮಿಳು ನಿಮಗೆ ಗೊತ್ತಲ್ಲ. ಅದರಲ್ಲಿ ಉಂಗ ಪೊಣ್ಣು ಎಂದರೆ ನಿಮ್ಮ ಹುಡುಗಿ, ಗಾಲಿ ಎಂದರೆ ಖಾಲಿ, ಮುಗೀತು, ಆಳು ಖಲಾಸ್. ಬೆಳಗಾಗೆದ್ದು ಮಗಳ ಬಗ್ಗೆ ಆ ಮಾತು ಕೇಳಿದ ತಾಯಿ ಚಪ್ಪಲಿ ಹುಡುಕುತ್ತಾ ನಿಲ್ಲುತ್ತಾಳೆಯೇ?

ನಾನೇ ಆ ವಾಚ್‌ಮನ್‌ಗೆ ಫೋನ್ ಮಾಡಿದೆ. ಮಾದೇಶ್ ಎಂದು ಹೆಸರು. ಮುಂದಿನ ಹಲ್ಲುಗಳಿಲ್ಲದ ಬಾಯಿ. ಆ ಬಾಯಲ್ಲಿ ‘ಳ’ ಹೊರಡುವುದೇ ಇಲ್ಲ.

"ಅಯ್ಯೋ, ಸಾವಿಲ್ಲೆಂಗ. ಗಾಲಿ, ಗಾಲಿ… ಪೇಯಿ!"

ಸಾವಲ್ಲ, ದೆವ್ವ ಎಂದು ಹೇಳುತ್ತಿದ್ದ. ಗಾಳಿ ಸೋಕಿದೆ ಎನ್ನುತ್ತಾರಲ್ಲ, ಆ ಗಾಳಿ. ಎಂದೂ ಕನ್ನಡ ಮಾತಾಡದವನು, ಪಾಪ, ತಾಯಿಗೆ ಅರ್ಥವಾಗಲೆಂದು ಆ ಒಂದು ಪದವನ್ನು ಕನ್ನಡದಲ್ಲಿ ಹೇಳಲು ಹೋಗಿ ಅವಳ ಜೀವ ತೆಗೆದಿದ್ದ.

ಚಿಕ್ಕತಾಯಮ್ಮನಿಗೆ ಹೇಳಿದೆ. ಗೋಡೆ ಹಿಡಿದು ಕೆಳಗೆ ಕುಳಿತಳು. ಸ್ವಲ್ಪ ಹೊತ್ತಿನ ಮೇಲೆ ತಲೆಯೆತ್ತಿದಾಗ ಅವಳ ಮುಖದಲ್ಲಿ ಅಳು ಇರಲಿಲ್ಲ.

"ಗಾಳಿ ಅಂತೆ ಗಾಳಿ. ಮದ್ವೆ ಆದಾಗಿಂದ ಕಲ್ಲುಗುಂಡಿನಂಗಿದ್ಲು. ಹೊಸ ಮನೆಗೆ ಹೋದ್ಮೇಲೆ ತಲೆನೋವು, ವಾಂತಿ, ಎದ್ದು ನಿಂತ್ರೆ ಬೀಳೋದು. ಒಂದ್ ದಪ ಡಾಕ್ಟ್ರತ್ರ ಕರ್ಕೊಂಡ್ ಹೋಗಿದ್ರು, ಅಲ್ಲಿಗ್ ಹೋದ್ರೆ ಗೆಲುವಾಗವ್ಳೆ. ಮನೆಗೆ ಬಂದ್ರೆ ಅದೇ. ಈಗ ರೂಮಲ್ಲಿ ಕೂಡಾಕವ್ರೆ. ನನ್ನೂ ನೋಡಕ್ಕೆ ಬಿಡ್ತಿಲ್ಲ. ನೀವು ಬರ್ತೀರೋ, ನಾನೊಬ್ಳೇ ಹೋಗ್ಲೋ?"

ಜೀಪಿನ ಕೀ ತೆಗೆದುಕೊಂಡೆ.

ನನ್ನ ಜೀಪನ್ನು ಕೆಳಗೆ ನೋಡಿ ನೀವು ನಕ್ಕಿದ್ದು ಕಿಟಕಿಯಿಂದ ಕಂಡೆ ಸಾರ್. ನಗಿ. ಬಾಗಿಲಿಲ್ಲ, ಗಾಜಿಲ್ಲ, ಮೇಲೆ ಬರೀ ಟಾರ್ಪಾಲು. ಎ.ಸಿ. ಅಂತೂ ಕೇಳಲೇಬೇಡಿ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ತಳಿ ಊರು ದಾಟಿ ಗುಮ್ಮಳಾಪುರದ ಕಡೆ ಹೋದರೆ ಆ ಮನೆ. ಶಿವರಾತ್ರಿ ಹತ್ತಿರವಿತ್ತು. ಹೊಸೂರಿನಲ್ಲಿ ಆಗಲೇ ಬಿಸಿಲು ಹತ್ತಿದ್ದರೂ ಅಲ್ಲಿ ಗಾಳಿ ಇನ್ನೂ ಬೆನ್ನು ಕೊರೆಯುತ್ತಿತ್ತು. ಬೇಸಿಗೆಯಲ್ಲೂ ಫ್ಯಾನ್ ಇಲ್ಲದೆ ಮಲಗುವ ಜನ ಆ ಕಡೆಯವರು. ಅಂಥ ಊರಿನಲ್ಲಿ ಸೆಂಟ್ರಲ್ ಎ.ಸಿ.! ನನಗೆ ಅಲ್ಲಿಂದಲೇ ಸಿಟ್ಟು ಶುರುವಾಯಿತು.

ಮನೆಯ ಯಜಮಾನ ಶ್ಯಾಮಣ್ಣ. ಮೇಘಶ್ರೀಯ ಮಾವ. ಪಾಲಿಹೌಸಿನಲ್ಲಿ ಗುಲಾಬಿ ಬೆಳೆದು ಹೊರದೇಶಕ್ಕೆ ಕಳಿಸುವ ಕುಳ. ಹೂವಿನ ಕೋಲ್ಡ್ ಸ್ಟೋರೇಜ್ ಕಟ್ಟಿದ ತಿಲಕ್‌ನ ಕೈಯಲ್ಲೇ ಮನೆಗೂ ತಂಪು ಮಾಡಿಸಿದ್ದ. ಮನೆ ತುಂಬ ಗಾಜು, ಬಿಳಿ ಸೀಲಿಂಗು, ಸೀಲಿಂಗಿನಲ್ಲಿ ಉದ್ದುದ್ದ ಜಾಲರಿ ಗ್ರಿಲ್. ಎಲ್ಲ ರೂಮಿಗೂ ಅಲ್ಲಿಂದಲೇ ಗಾಳಿ.

ಗೇಟಿನಲ್ಲಿ ಮಾದೇಶ್ ಕೈ ಮುಗಿದು ಒಳಗೆ ಬಿಟ್ಟ. ಬೆಳಗಿನ ಫೋನಿನಿಂದ ಅವನಿಗೂ ಹೆದರಿಕೆಯಾಗಿತ್ತು. ಹಾಲಿನಲ್ಲಿ ಶ್ಯಾಮಣ್ಣ ಸೋಫಾದ ಮೇಲೆ ಕುಳಿತಿದ್ದ. ಶಾಲು ಹೊದ್ದು, ತಲೆಗೆ ಮಫ್ಲರ್ ಸುತ್ತಿಕೊಂಡು!

"ಚಳಿ ಆದ್ರೆ ಎ.ಸಿ. ಆರಿಸಬಹುದಲ್ಲ ಶ್ಯಾಮಣ್ಣ" ಎಂದೆ.

"ಆರ್ಸೋಕೆ ಹಾಕ್ಸಿರೋದಾ? ನಮ್ ರೋಜಾ ಹೂವೇ ಕೋಲ್ಡ್ ರೂಮಲ್ಲಿ ಮಲಗ್ತವೆ. ನಾವು ಮನುಷ್ರು ಕಣವ್ವ. ನೀನ್ಯಾರು?"

"ಚಿಕ್ಕತಾಯಮ್ಮನ ಕಡೆಯವಳು. ಮೇಘಶ್ರೀನ ನೋಡಬೇಕು."

"ಆಗಲ್ಲ. ಮಂತ್ರ ನಡೀತಾ ಅದೆ. ಅಮಾಸೆ ಕಳೀಲಿ."

ಚಿಕ್ಕತಾಯಮ್ಮ ಅವನ ಉತ್ತರಕ್ಕೆ ಕಾಯಲಿಲ್ಲ. ಮೆಟ್ಟಿಲು ಹತ್ತಿಯಾಗಿತ್ತು. ನಾನು ಅವಳ ಹಿಂದೆ ಹೋದೆ. ನಮ್ಮ ಹಿಂದೆ ಶ್ಯಾಮಣ್ಣ ಕೂಗುತ್ತಾ ಬಂದ.

ಮೇಲಿನ ರೂಮಿನ ಬಾಗಿಲು ತೆರೆದರೆ ಸಾಂಬ್ರಾಣಿ ಹೊಗೆ. ಕಿಟಕಿಗಳ ಸುತ್ತ ಕಂದು ಟೇಪ್ ಅಂಟಿಸಿದ್ದರು. ಪ್ರತಿ ಕಿಟಕಿಗೂ ಕುಂಕುಮ ಹಚ್ಚಿದ ನಿಂಬೆಹಣ್ಣು. ನಡುವೆ ಮಂಡಲ ಬರೆದು ಕುಳಿತವನು ಮುನೀಶ್ ಎಂಬ ಮಂತ್ರವಾದಿ. ವಯಸ್ಸು ಜಾಸ್ತಿಯಿಲ್ಲ, ಕಿವಿಯಲ್ಲಿ ಬ್ಲೂಟೂತ್ ಸಿಕ್ಕಿಸಿಕೊಂಡಿದ್ದ. ಮಂಚದ ಪಕ್ಕ ಕುಮಾರೇಶ್, ಮೇಘಶ್ರೀಯ ಗಂಡ. ಅಪ್ಪನ ಮುಂದೆ ಬಾಯಿ ಬಿಡದ ಗಿರಾಕಿ.

ಮಂಚದ ಮೇಲೆ ಅವಳು. ಕಣ್ಣು ಅರ್ಧ ತೆರೆದಿತ್ತು, ನೋಟ ಇರಲಿಲ್ಲ. ಆದರೆ ಕೆನ್ನೆ ಕೆಂಪಗಿತ್ತು. ಮದುವಣಗಿತ್ತಿಯ ಹಾಗೆ ಕೆಂಪಗಿತ್ತು.

"ನೋಡಿ, ಗಾಳಿ ಹೊಕ್ಕೋಳ ಕಳೆ. ಕಾಯ್ಲೆ ಆದ್ರೆ ಮೊಕ ಬಿಳುಚ್ಕೊಳ್ಳಲ್ವಾ?" ಎಂದ ಮುನೀಶ್.

"ಬೆರಳಿಗೆ ಕ್ಲಿಪ್ ಹಾಕಿ ನೋಡಿದ್ವಿ" ಎಂದ ಕುಮಾರೇಶ್ ಮೆಲ್ಲಗೆ. "ಆಕ್ಸಿಜನ್ ಸರಿಯಾಗೇ ತೋರಿಸ್ತು. ಅದಕ್ಕೇ ಅಪ್ಪ…"

ಚಿಕ್ಕತಾಯಮ್ಮ ಮಗಳ ತಲೆ ಮಡಿಲಿಗೆ ಎಳೆದುಕೊಂಡಳು. ಮಗಳ ತುಟಿ ಅಲ್ಲಾಡಿತು.

"ಅಮ್ಮ… ಈ ರೂಮಲ್ಲಿ ಉಸ್ರಾಡಕ್ ಆಗ್ತಿಲ್ಲ. ಹೊರ್ಗಾಕು."

"ಕೇಳುಸ್ಕೊಂಡ್ರಾ?" ಮುನೀಶ್ ಬೆರಳೆತ್ತಿದ. "ಅವ್ಳಲ್ಲ ಮಾತಾಡ್ತಿರೋದು. ಅದು. ತಪ್ಪುಸ್ಕೊಂಡ್ ಹೋಗಕ್ಕೆ ನೋಡ್ತದೆ. ಒಂದ್ ವಾರದಿಂದ ಇದೇ ಮಾತು."

ಸಾರ್, ಇಲ್ಲಿ ನಿಲ್ಲಿಸುತ್ತೇನೆ. ಒಂದು ವಾರದಿಂದ ಆ ಹುಡುಗಿ ತನ್ನ ಬಾಯಿಯಿಂದಲೇ ರೋಗ ಏನೆಂದು ಹೇಳುತ್ತಿದ್ದಳು. ಔಷಧವನ್ನೂ ಹೇಳುತ್ತಿದ್ದಳು. ಹೊರಗೆ ಹಾಕಿ ಎಂದು! ಇಡೀ ಮನೆ ಅದನ್ನು ಕೇಳಿ ಕಿಟಕಿಗೆ ಇನ್ನೊಂದು ಸುತ್ತು ಟೇಪ್ ಅಂಟಿಸಿತು.

ಅಷ್ಟರಲ್ಲಿ ಕರೆಂಟ್ ಹೋಯಿತು. ಲೈನ್ ಕೆಲಸ ನಡೆಯುತ್ತಿತ್ತು, ಆ ತಿಂಗಳು ದಿನಾ ಮಧ್ಯಾಹ್ನ ಹೋಗುತ್ತಿತ್ತಂತೆ. ಕೆಳಗೆ ಜನರೇಟರ್ ತಾನಾಗಿ ಎದ್ದಿತು. ಸೀಲಿಂಗಿನ ಗ್ರಿಲ್‌ನಿಂದ ಮತ್ತೆ ತಣ್ಣನೆ ಗಾಳಿ ಸುರಿಯಿತು. ಮುನೀಶ್ ಮಂತ್ರ ಜೋರು ಮಾಡಿದ. ನಾನು ಬಾಗಿಲ ಹತ್ತಿರ ನಿಂತು ಕುಮಾರೇಶನ ಹತ್ತಿರ ವಾದ ಮಾಡಿದೆ, ಬೇಡಿಕೊಂಡೆ, ಬೈದೆ. ಅವನು ಅಪ್ಪನ ಮುಖ ನೋಡುತ್ತಿದ್ದ. ಹಾಗೇ ನನ್ನ ತಲೆಯಲ್ಲಿ ಸುತ್ತಿಗೆ ಶುರುವಾಯಿತು. ಹೊಟ್ಟೆ ತೊಳೆಸಿತು.

ಮುನೀಶನ ಮಂತ್ರ ನಡುವೆ ತೊದಲಿತು.

ನಿಂತಿತು.

ಮುಂದಕ್ಕೆ ಬಾಗಿ ಮಂಡಲದ ಮೇಲೇ ಮುಖ ಅಡಿಯಾಗಿ ಬಿದ್ದ!

"ಅಯ್ಯಯ್ಯಪ್ಪ, ಸ್ವಾಮ್ಗಳ್ನೇ ಹೊಡೀತಲ್ಲಪ್ಪ" ಎಂದು ಶ್ಯಾಮಣ್ಣ ಗೋಡೆಗೆ ಅಂಟಿಕೊಂಡ.

ನಾನು ಮುನೀಶನನ್ನು ಹೊರಳಿಸಿದೆ. ಅವನ ಕೆನ್ನೆಯೂ ಕೆಂಪು. ಅದೇ ಕೆಂಪು. ದೆವ್ವ ಇಬ್ಬರಿಗೂ ಒಂದೇ ಬಣ್ಣ ಬಳಿಯುತ್ತದೆಯೇ? ತಲೆಯೆತ್ತಿ ನೋಡಿದೆ. ಗ್ರಿಲ್‌ನ ಸುತ್ತ ಬಿಳಿ ಸೀಲಿಂಗಿನ ಮೇಲೆ ಕಪ್ಪು ಅಂಚು ಕಟ್ಟಿತ್ತು. ಸ್ಟೂಲ್ ಹತ್ತಿ ಬೆರಳಿಂದ ಒರೆಸಿದೆ. ಮೂಸಿದೆ. ಸಾಂಬ್ರಾಣಿಯಲ್ಲ ಸಾರ್. ಆ ಮಸಿ ನನಗೆ ಚೆನ್ನಾಗಿ ಗೊತ್ತು. ನನ್ನ ಜೀಪಿನ ಸೈಲೆನ್ಸರ್ ಮುಟ್ಟಿದಾಗಲೆಲ್ಲ ಕೈಗೆ ಹತ್ತುವುದು ಅದೇ.

ಡೀಸೆಲ್ ಹೊಗೆ!

"ಕಿಟಕಿ ತೆಗೀರಿ. ಇವಳನ್ನ ಹೊರಗೆ ಹಾಕಿ. ಎ.ಸಿ.ಯಿಂದ ಜನರೇಟರ್ ಹೊಗೆ ಬರ್ತಾ ಇದೆ."

"ಯಾರೂ ಏನೂ ತೆಗೀಬೇಡಿ."

ಬಾಗಿಲಲ್ಲಿ ತಿಲಕ್. ಅಂದು ಸರ್ವೀಸಿಗೆಂದು ಬಂದಿದ್ದನಂತೆ. ಕೈಯಲ್ಲಿ ಟೂಲ್ ಬ್ಯಾಗ್. ನನ್ನನ್ನು ನೋಡಿ ನಕ್ಕ.

"ಮೇಡಂಗೆ ಟೆಕ್ನಿಕಲ್ ಗೊತ್ತಿಲ್ಲ. ಇದು ಫಿಲ್ಟರ್ ಆಗಿ ಬರೋ ಫ್ರೆಶ್ ಏರ್. ಶ್ಯಾಮಣ್ಣೋರೇ, ಸ್ವಾಮಿಗಳು ಬಿದ್ದಿರೋದು ನೋಡಿದ್ರೆ… ಇದು ನಮ್ಮ ಕೈಲಿರೋ ವಿಷಯ ಅಲ್ಲ. ದೊಡ್ಡ ಮಂತ್ರವಾದಿ ಕರೆಸಿ."

ಇಂಜಿನಿಯರಿಂಗ್ ಓದಿದವನ ಬಾಯಲ್ಲಿ ಆ ಮಾತು! ಅಲ್ಲೇ ಅವನು ನನಗೆ ಸಿಕ್ಕಿಬಿದ್ದ. ದೆವ್ವ ನಂಬುವವನ ಕಣ್ಣಿನಲ್ಲಿ ಹೆದರಿಕೆ ಇರುತ್ತದೆ. ಶ್ಯಾಮಣ್ಣನ ಕಣ್ಣಿನಲ್ಲಿತ್ತು. ತಿಲಕ್‌ನ ಕಣ್ಣು ಮಾತ್ರ ಗ್ರಿಲ್ ಮೇಲಿನ ನನ್ನ ಬೆರಳಿನ ಗುರುತನ್ನು ನೋಡುತ್ತಿತ್ತು.

"ಚಿಕ್ಕತಾಯಮ್ಮ, ನೀವು ಕೆಳಗೆ ಹೋಗಿ ಆ ಜನರೇಟರ್ ನಿಲ್ಲಿಸಿ" ಎಂದು ಕೂಗಿ ನಾನು ಟೆರೇಸಿಗೆ ಓಡಿದೆ.

ಅಲ್ಲಿ ಕಂಡದ್ದನ್ನು ಬಿಡಿಸಿ ಹೇಳುತ್ತೇನೆ, ನಿಮ್ಮ ಮನೆಗೂ ಬೇಕಾಗುವ ವಿಷಯ. ಈ ದೊಡ್ಡ ಎ.ಸಿ. ಯಂತ್ರ ಹೊರಗಿನ ಗಾಳಿಯನ್ನು ಸ್ವಲ್ಪ ಸ್ವಲ್ಪವೇ ಒಳಗೆ ಎಳೆದುಕೊಳ್ಳಬೇಕು. ಅದಕ್ಕೊಂದು ಬಾಯಿ. ಆ ಬಾಯಿಯನ್ನು ಟೆರೇಸಿನ ವಾಯುಮೂಲೆಯಲ್ಲಿ ಇಟ್ಟಿದ್ದರು. ವಾಸ್ತು ಸಾರ್! ಗಾಳಿ ವಾಯುಮೂಲೆಯಿಂದಲೇ ಬರಬೇಕಲ್ಲ. ಸರಿ. ಜನರೇಟರ್? ಅದು ಬೆಂಕಿ, ಅಗ್ನಿಮೂಲೆಗೆ ಹೋಗಬೇಕು. ಅಲ್ಲಿ ಅಡುಗೆಮನೆ ಬಂದುಬಿಟ್ಟಿತ್ತು. ಅಗ್ನಿಮೂಲೆ ಸಿಗದಿದ್ದರೆ ವಾಯುಮೂಲೆಯೂ ಆಗುತ್ತದೆ ಎಂದನಂತೆ ವಾಸ್ತುವಿನವನು. ಜನರೇಟರನ್ನೂ ಅದೇ ಮೂಲೆಯ ಕೆಳಗೆ ಕೂರಿಸಿ, ಅದರ ಹೊಗೆ ಕೊಳವೆಯನ್ನು ಗೋಡೆಗುಂಟ ಮೇಲಕ್ಕೆ ತಂದಿದ್ದರು.

ಕೊಳವೆಯ ಬಾಯಿ ಇಲ್ಲಿ. ಎ.ಸಿ.ಯ ಬಾಯಿ ಅದರ ಪಕ್ಕದಲ್ಲಿ. ಒಂದು ಉಗಿಯುವುದು, ಇನ್ನೊಂದು ನುಂಗುವುದು. ನುಂಗಿದ್ದೆಲ್ಲ ಮೊದಲು ಹೋಗುವುದು ಕೆಳಗಿನ ಆ ರೂಮಿಗೆ. ಹಾಲಿನಲ್ಲಿ ಬಾಗಿಲು ತೆಗೆದು ಹಾಕಿ ಓಡಾಡುವವರಿಗೆ ಬರೀ ತಲೆನೋವು. ಟೇಪ್ ಅಂಟಿಸಿ ಕೂಡಿಹಾಕಿದವಳಿಗೆ… ಹೊರಗಿನ ಗಾಳಿ ಬರಬಾರದೆಂದು ಎಲ್ಲ ಸಂದಿಗೂ ನಿಂಬೆಹಣ್ಣು ಕಟ್ಟಿದ್ದರು. ಕೊಲ್ಲುವ ಗಾಳಿ ಬರುವ ಒಂದೇ ಒಂದು ತೂತನ್ನು ತೆರೆದಿಟ್ಟಿದ್ದರು.

ಹಿಂದೆ ಹೆಜ್ಜೆ ಸದ್ದಾಯಿತು. ತಿರುಗುವಷ್ಟರಲ್ಲಿ ರೆಂಚ್ ಕುತ್ತಿಗೆಗೆ ಬಂದಿತ್ತು.

ಅಲ್ಲಿಗೆ ನಾವು ಮೊದಲಿನ ಜಾಗಕ್ಕೆ ಬಂದೆವು.

"ನಿನಗೆ ಇದು ಗೊತ್ತಿತ್ತು" ಎಂದೆ.

"ಡ್ರಾಯಿಂಗಲ್ಲೇ ಹೇಳಿದ್ದೆ, ಕೊಳವೆ ದೂರ ಹಾಕೋಣ ಅಂತ. ವಾಸ್ತು ಕೆಡುತ್ತೆ ಅಂದ್ರು. ಕಸ್ಟಮರ್ ಕೇಳಿದ್ದು ಕೊಟ್ಟೆ."

"ಈಗ ಹೇಳು ಅವನಿಗೆ. ಒಂದು ಮಾತು. ಹುಡುಗಿ ಉಳೀತಾಳೆ."

"ಹೇಳಿದ್ರೆ ನನ್ನ ಎಲ್ಲಾ ಮನೆ ಬಿಚ್ಚಿ ನೋಡ್ತಾರೆ ಮೇಡಂ."

"ನೋಡಲಿ. ಒಂದು ಹೆಣ ಬೀಳೋಕಿಂತ ಅದು ವಾಸಿ ಅಲ್ವಾ?"

"ಬಾಗಲೂರು ರೋಡಿನ ಮುದುಕಿಗೆ ವಯಸ್ಸಾಗಿತ್ತು. ಅದು ನನ್ನ ತಪ್ಪಲ್ಲ."

ನಾನು ಯಾವ ಮುದುಕಿಯ ಸುದ್ದಿಯನ್ನೂ ಎತ್ತಿರಲಿಲ್ಲ ಸಾರ್.

ಅವನಿಗೂ ಅದು ಆಗಲೇ ಹೊಳೆಯಿತು. ಮುಖದ ಬಣ್ಣ ಹೋಯಿತು. ರೆಂಚ್ ಗಂಟಲಿಗೆ ಒತ್ತಿತು. ನನ್ನ ಒಂದು ಕಾಲು ನೆಲ ಬಿಟ್ಟಿತು.

ಕತ್ತು ತಿರುಗಿಸಿದರೆ ಕೆಳಗೆ ಚಿಕ್ಕತಾಯಮ್ಮ ಕಂಡಳು. ಜನರೇಟರಿನ ಪಂಜರಕ್ಕೆ ಬೀಗ. ಎರಡೂ ಕೈಯಲ್ಲಿ ಆ ಬೀಗವನ್ನು ಎಳೆದಾಡುತ್ತಿದ್ದಳು. ನನಗೆ ಉಳಿದಿದ್ದ ಉಸಿರೆಲ್ಲ ಸೇರಿಸಿ ಕೂಗಿದೆ.

"ಬೀಗ ಬಿಡಿ… ಗಾಜು ಒಡೀರಿ!"

ಅವಳು ತಲೆಯೆತ್ತಿದಳು. ಮೇಲಿನ ರೂಮಿನ ಗಾಜು ಅವಳ ಕೈಗೆಟುಕುವ ಎತ್ತರದಲ್ಲಿರಲಿಲ್ಲ. ತಲೆಗೆ ಸುತ್ತಿದ್ದ ಟವೆಲ್ ಬಿಚ್ಚಿದಳು. ತೋಟದಲ್ಲಿ ಚಂದಕ್ಕೆ ಸುರಿದಿದ್ದ ಬಿಳಿ ಕಲ್ಲುಗಳಲ್ಲಿ ದಪ್ಪನೆಯದನ್ನು ಆರಿಸಿ ಟವೆಲಿನ ಮಡಿಕೆಗೆ ಇಟ್ಟಳು. ನನಗೆ ಆಗ ಅರ್ಥವಾಯಿತು. ಕ್ಯಾಂಟೀನಿಗೆ ಸೇರುವ ಮೊದಲು ರಾಗಿ ಹೊಲ ಕಾದವಳು ಅವಳು. ಹಕ್ಕಿ ಓಡಿಸಲು ಕವಣೆ ಬೀಸಿದ ಕೈ.

ಟವೆಲ್ ತಲೆಯ ಮೇಲೆ ಸುತ್ತಿತು. ಒಂದು ತುದಿ ಬಿಟ್ಟಳು.

ಫಳಾರ್!

ಒಂದಿಡೀ ಗೋಡೆಯಷ್ಟು ಗಾಜು ಒಮ್ಮೆಗೇ ಇಳಿಯಿತು. ತಿಲಕ್ ಬೆಚ್ಚಿ ಆ ಕಡೆ ತಿರುಗಿದ. ಕಾರ್ಖಾನೆ ಗೇಟು ನನಗೆ ಕಲಿಸಿದ್ದು ಒಂದೇ ಪಾಠ, ಮೊದಲು ಮೊಣಕಾಲಿಗೆ ಒದಿ, ಮಾತು ಆಮೇಲೆ. ಒದ್ದೆ. ಅವನು ಕುಸಿದ. ರೆಂಚನ್ನು ಕಿತ್ತು ಕೆಳಗೆ ತೋಟಕ್ಕೆ ಎಸೆದು ಮೆಟ್ಟಿಲಿಗೆ ಹಾರಿದೆ. ಹಿಂದಿನಿಂದ ಇನ್ನೊಂದು ಗಾಜು ಒಡೆದ ಸದ್ದು ಬಂತು. ಚಿಕ್ಕತಾಯಮ್ಮ ಕೆಲಸ ಅರ್ಧಕ್ಕೆ ಬಿಡುವವಳಲ್ಲ.

ರೂಮಿನಲ್ಲಿ ಕುಮಾರೇಶ್ ಹೆಂಡತಿಯನ್ನು ಎತ್ತಿಕೊಂಡು ನಿಂತಿದ್ದ. ಬಾಗಿಲಿಗೆ ಅಡ್ಡ ಶ್ಯಾಮಣ್ಣ.

"ಅಮಾಸೆಗ್ ಮುಂಚೆ ಹೊಸ್ಲು ದಾಟುಸ್ಬೇಡ ಕಣ್ಲಾ. ಮನೆಗೇ ಕೇಡು."

ಕುಮಾರೇಶ್ ಹೆಂಡತಿಯನ್ನು ಎದೆಗೆ ಒತ್ತಿಕೊಂಡು ಒಂದು ಹೆಜ್ಜೆ ಮುಂದಿಟ್ಟ.

"ಜರುಗಪ್ಪ" ಎಂದ.

ಅಷ್ಟೇ. ಶ್ಯಾಮಣ್ಣ ಜರುಗಿದ. ಮಗ ಇಷ್ಟು ದಿನ ಆ ಒಂದು ಪದ ಹೇಳದೆ ಇಟ್ಟುಕೊಂಡಿದ್ದಕ್ಕೆ ನನಗೆ ಅವನ ಮೇಲೂ ಉರಿಯಿತು.

ಒಡೆದ ಕಿಟಕಿಯ ಕೆಳಗೆ ಮುನೀಶ್ ಕಣ್ಣು ಬಿಟ್ಟ. ತಣ್ಣನೆ ಗಾಳಿ ಅವನ ಮುಖಕ್ಕೆ ಬಡಿಯುತ್ತಿತ್ತು.

"ಬಿಡ್ತು… ಗಾಳಿ ಬಿಡ್ತು" ಎಂದು ತೊದಲಿದ.

"ಹೂಂ ಸ್ವಾಮಿ, ಕಿಟಕಿ ಒಡೆದ ಮೇಲೆ" ಎಂದೆ, ಅವನನ್ನು ದಾಟಿಕೊಂಡು.

ಜೀಪಿನ ಹಿಂದಿನ ಸೀಟಿನಲ್ಲಿ ತಾಯಿ, ಮಗಳು, ಗಂಡ. ಡೆಂಕಣಿಕೋಟೆಯ ಆಸ್ಪತ್ರೆಗೆ ಹೊರಟೆವು. ತಳಿ ದಾಟುವಷ್ಟರಲ್ಲಿ ಕನ್ನಡಿಯಲ್ಲಿ ಬಿಳಿ ಎಸ್‌ಯುವಿ ಕಂಡಿತು. ತಿಲಕ್. ಆಸ್ಪತ್ರೆಯಲ್ಲಿ ಅವಳ ರಕ್ತ ಪರೀಕ್ಷೆ ಮಾಡಿದರೆ ಹೊಗೆ ಸಿಗುತ್ತದೆ. ಹೊಗೆ ಸಿಕ್ಕರೆ ಬಾಗಲೂರು ರೋಡಿನ ಮುದುಕಿ ಮತ್ತೆ ಎದ್ದು ಕೂರುತ್ತಾಳೆ. ಅವನಿಗೆ ನಾವು ತಲುಪಬಾರದಿತ್ತು.

ಮೊದಲ ಸಲ ಗುದ್ದಿದಾಗ ಟಾರ್ಪಾಲಿನ ಕೊಂಡಿ ಕಿತ್ತಿತು.

ಎರಡನೆಯ ಸಲ ಜೀಪು ಮಣ್ಣಿಗಿಳಿದು ಮತ್ತೆ ಹತ್ತಿತು. ಟಾರ್ಪಾಲು ಹಾರಿಹೋಯಿತು.

"ಶಶಿಕಲಮ್ಮ, ಮಗ್ಳು ಕಣ್ ಬಿಟ್ಲು!"

ತಿರುಗಿ ನೋಡಲಿಲ್ಲ. ನೋಡುವ ಹಾಗಿರಲಿಲ್ಲ. ಆದರೆ ಕೇಳಿಸಿತು. ಬಾಗಿಲಿಲ್ಲದ, ಗಾಜಿಲ್ಲದ, ಈಗ ತಲೆಯ ಮೇಲೂ ಏನೂ ಇಲ್ಲದ ಜೀಪಿನಲ್ಲಿ ಆ ಹುಡುಗಿ ಕೆಮ್ಮುತ್ತಾ, ಅಳುತ್ತಾ, ತಳಿಯ ಗಾಳಿಯನ್ನು ಎಳೆದು ಎಳೆದು ಕುಡಿಯುತ್ತಿದ್ದಳು. ನೀವು ನಕ್ಕ ಜೀಪು ಸಾರ್, ಇದೇ ಜೀಪು.

ತಿರುವು ಕಳೆದರೆ ರಸ್ತೆಯುದ್ದಕ್ಕೂ ಹುರುಳಿ. ಗೊತ್ತಲ್ಲ, ಆ ಕಾಲದಲ್ಲಿ ಹುರುಳಿ ಗಿಡ ಕಿತ್ತು ಒಣಗಿಸಿ ಟಾರು ರಸ್ತೆಯ ಮೇಲೆ ಹರಡುತ್ತಾರೆ. ಹೋಗುವ ಬರುವ ಗಾಡಿಗಳೇ ಒಕ್ಕಣೆ ಮಾಡಿಕೊಡುತ್ತವೆ. ಮೇಲೆ ಹೊಟ್ಟು, ಕೆಳಗೆ ಗುಂಡಗಿನ ಕಾಳು. ಪಕ್ಕದಲ್ಲಿ ಮೊರ, ಕವೆಗೋಲು ಹಿಡಿದ ಜನ.

ಹುರುಳಿಯ ಮೇಲೆ ಬ್ರೇಕ್ ಒತ್ತಬಾರದೆಂದು ಆ ಕಡೆ ಎಲ್ಲರಿಗೂ ಗೊತ್ತು. ತಿರುವಿಗೆ ಮೊದಲೇ ವೇಗ ಇಳಿಸಿ, ಕಾಲೆತ್ತಿ, ಸ್ಟೀರಿಂಗ್ ಅಲ್ಲಾಡಿಸದೆ ಹಾಗೇ ತೇಲಿಸಿಕೊಂಡು ಹೋದೆ.

ತಿಲಕ್ ಪಟ್ಟಣದವನು.

ಅವನ ಬ್ರೇಕ್ ಕಿರುಚಲೂ ಇಲ್ಲ. ಕಾಳಿನ ಮೇಲೆ ಟೈರಿಗೆ ಕಿರುಚಲು ಏನೂ ಸಿಗುವುದಿಲ್ಲ. ಎಸ್‌ಯುವಿ ಅಡ್ಡ ತಿರುಗಿ, ಹುರುಳಿಯನ್ನೆಲ್ಲ ಗುಡಿಸಿಕೊಂಡು ಹೋಗಿ, ಚರಂಡಿಗೆ ಮೂತಿಯಿಟ್ಟು ನಿಂತಿತು. ಸ್ಟೀರಿಂಗಿನೊಳಗಿನ ಬಲೂನು ಉಬ್ಬಿ ಅವನ ಮುಖ ಮುಚ್ಚಿತು. ಅವನು ಬಾಗಿಲು ತೆಗೆದು ಹೊರಬರುವಷ್ಟರಲ್ಲಿ ಕವೆಗೋಲು ಎದೆಯ ಮುಂದಿತ್ತು. ಹಿಡಿದವಳು ರಾಮಕ್ಕ, ಆ ಹುರುಳಿಯ ಒಡತಿ.

"ಎಲ್ಲೋಯ್ತಿಯಾ? ನನ್ ಹುಳ್ಳಿನೆಲ್ಲ ಚರಂಡಿಗ್ ತಳ್ಬುಟ್ಟು?"

"ಅವನನ್ನ ಬಿಡಬೇಡಿ ಅಕ್ಕ, ಪೊಲೀಸರು ಬರ್ತಾರೆ" ಎಂದು ಜೀಪು ನಿಧಾನಿಸಿ ಕೂಗಿದೆ.

"ಪೋಲೀಸ್ರು ಬರ್ಲಿ ಬುಡವ್ವ. ಮೊದ್ಲು ಒಂದೊಂದೇ ಕಾಳ್ ಆರುಸ್ಲಿ."

ಕುಮಾರೇಶ್ ಫೋನ್ ಮಾಡಿ ಕರೆಸಿದ ಪೊಲೀಸರು ಬಂದಾಗ ತಿಲಕ್ ಇಸ್ತ್ರಿ ಅಂಗಿಯಲ್ಲಿ ಚರಂಡಿಯಲ್ಲಿ ಕುಳಿತು ಹುರುಳಿ ಆರಿಸುತ್ತಿದ್ದನಂತೆ. ನಾನು ನೋಡಲಿಲ್ಲ. ನೋಡದೇ ಹೋದದ್ದಕ್ಕೆ ಇವತ್ತಿಗೂ ಬೇಜಾರಿದೆ.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಮಸಿ ಹತ್ತಿದ ನನ್ನ ಬೆರಳು ನೋಡಿದರು, ಮಾತು ಕೇಳಿದರು, ಮೇಘಶ್ರೀಯ ಮುಖಕ್ಕೆ ಆಕ್ಸಿಜನ್ ಮಾಸ್ಕ್ ಹಾಕಿಸಿ ರಕ್ತ ಕಳಿಸಿದರು. ವರದಿ ಬಂತು. ಇಂಜಿನ್ ಹೊಗೆಯ ವಿಷ. ಬೆರಳಿನ ಕ್ಲಿಪ್ ಈ ವಿಷವನ್ನೂ ಆಕ್ಸಿಜನ್ ಎಂದೇ ಎಣಿಸುತ್ತದೆ, ಅದಕ್ಕೇ ಮೋಸಹೋದಿರಿ ಎಂದರು. ಕೆನ್ನೆಯ ಕೆಂಪೂ ಅದರದೇ ಅಂತೆ. ಇನ್ನೊಂದು ಮಧ್ಯಾಹ್ನ ಆ ರೂಮಿನಲ್ಲಿ ಕಳೆದಿದ್ದರೆ ಹೇಳುವುದೇನೂ ಉಳಿಯುತ್ತಿರಲಿಲ್ಲ ಎಂದರು.

ಸಂಜೆ ಶ್ಯಾಮಣ್ಣ ಬಂದ. ಅದೇ ಶಾಲು. ವಾರ್ಡಿನ ಬಾಗಿಲಲ್ಲಿ ನಿಂತು ಒಳಗೆ ಬರಲು ಹಿಂಜರಿದ.

"ಯಾರಿಗ್ ಗೊತ್ತಿತ್ತವ್ವ ಹಿಂಗಂತ? ಯಾರಾನಾ ಹೇಳಿದ್ರಲ್ವಾ ಗೊತ್ತಾಗೋದು?"

ನಾನು ಎದ್ದೆ. ಕೈ ಮೇಲೇಳುತ್ತಿತ್ತು. ಕಷ್ಟಪಟ್ಟು ಇಳಿಸಿಕೊಂಡೆ.

"ಹೇಳಿದ್ಲು ಶ್ಯಾಮಣ್ಣ. ಒಂದು ವಾರ, ದಿನಾ ಹೇಳಿದ್ಲು. ಈ ರೂಮಲ್ಲಿ ಉಸಿರಾಡಕ್ಕಾಗಲ್ಲ, ಹೊರಗೆ ಬಿಡಿ ಅಂತ. ಸೊಸೆ ಬಾಯಲ್ಲಿ ಬಂತು ಅಂತ ನೀವು ಅದನ್ನ ದೆವ್ವದ ಮಾತು ಮಾಡಿದ್ರಿ. ನಿಮ್ಮ ರೋಜಾ ಹೂವು ಬಾಡಿದ್ರೆ ಇಷ್ಟು ದಿನ ಸುಮ್ಮನೆ ಇರ್ತಿದ್ರಾ?"

ಅವನು ಶಾಲಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ನಿಂತ. ಮೇಘಶ್ರೀ ಮಾಸ್ಕ್ ಸರಿಸಿ ಅವನನ್ನು ನೋಡಿದಳು. ಆಮೇಲೆ ತಾಯಿಯ ಕಡೆ ತಿರುಗಿದಳು.

"ಅಮ್ಮ, ಆ ಕಿಟ್ಕಿ ತೆಗಿ."

ಚಿಕ್ಕತಾಯಮ್ಮ ತೆಗೆದಳು. ಮಗಳು ಮತ್ತೆ ಆ ಮನೆಗೆ ಹೋಗಲಿಲ್ಲ. ಈಗ ಹೊಸೂರಿನಲ್ಲಿ ತಾಯಿಯ ಮನೆಯಲ್ಲಿದ್ದಾಳೆ. ತಗಡಿನ ಮಾಡು, ಒಂದು ಟೇಬಲ್ ಫ್ಯಾನ್, ಎರಡೂ ಕಡೆ ಕಿಟಕಿ. ಕುಮಾರೇಶ್ ವಾರಕ್ಕೊಮ್ಮೆ ಬಂದು ಹೊರಗೆ ಜಗಲಿಯ ಮೇಲೆ ಕುಳಿತಿರುತ್ತಾನೆ. ಒಳಗೆ ಕರೆಯುವುದೋ ಬಿಡುವುದೋ ಅವಳಿಗೆ ಬಿಟ್ಟದ್ದು. ಬಾಗಲೂರು ರೋಡಿನಲ್ಲಿ ಸತ್ತ ಆ ಮುದುಕಿ ಗಂಗರತ್ನಮ್ಮನ ಮನೆಯವರು ಅವರ ಟೆರೇಸ್ ಹತ್ತಿ ನೋಡಿದರು. ಅದೇ ಮೂಲೆ, ಅದೇ ಎರಡು ಬಾಯಿ. ತಿಲಕ್ ಈಗ ಜೈಲಿನಲ್ಲಿದ್ದಾನೆ. ಅಲ್ಲಿ ಫ್ಯಾನ್ ಕೂಡ ಸರಿಯಾಗಿ ತಿರುಗುವುದಿಲ್ಲ ಎಂದು ಕೇಳಿ ನನಗೆ ಸಮಾಧಾನವಾಯಿತು.

ಟೀ ಆರಿಹೋಯಿತು, ಕುಡಿಯಿರಿ ಸಾರ್. ಎ.ಸಿ. ಬೇಡ ಎನ್ನುವುದಿಲ್ಲ. ಧಾರಾಳವಾಗಿ ಹಾಕಿಸಿ. ಆದರೆ ಅದು ಉಸಿರಾಡುವ ಬಾಯಿ ಎಲ್ಲಿದೆ, ಪಕ್ಕದಲ್ಲಿ ಏನಿದೆ ಎಂದು ಒಂದು ಸಲ ನೀವೇ ಟೆರೇಸ್ ಹತ್ತಿ ನೋಡಿ. ಮನೆಯಲ್ಲಿ ಹೆಂಗಸರು ತಲೆನೋವು ಎಂದರೆ ನಂಬಿ.

ಇಲ್ಲವೆಂದರೆ ಮಾದೇಶ್ ಅವತ್ತು ಫೋನಿನಲ್ಲಿ ಹೇಳಿದ್ದೇ ನಿಜವಾಗುತ್ತದೆ. ಗಾಳಿ ಕೆಟ್ಟರೆ ಆಳು ಗಾಲಿ.

ಅವನ ಕನ್ನಡದಲ್ಲಿ ತಪ್ಪೇನೂ ಇರಲಿಲ್ಲ.